ಯುದ್ಧದಲ್ಲಿದ್ದಾಗ ಮನೆಯವಳಿಗೆ ಏನಂತ ಕಾಗದ ಬರೆದಿರಿ?

ಹಳೆಯ ಗನ್ನರ್, ಸವದತ್ತಿ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಸೈನ್ಯದಲ್ಲಿ ಆರ್ಟಿಲರಿಯಲ್ಲಿದ್ದೆ. ಈಗ ನಿವೃತ್ತಿಯಾಗಿ ಊರಲ್ಲೇ ಹೊಲ ನೋಡಿಕೊಂಡಿದ್ದೇನೆ. 1999ರಲ್ಲಿ ನಮ್ಮ ತೋಪುಗಳು ದ್ರಾಸ್ ಹತ್ತಿರ ಇದ್ದವು. ಕಾರ್ಗಿಲ್ ಬಗ್ಗೆ ಇಲ್ಲಿ ಬಹಳ ಜನ ಬರೆದಿದ್ದೀರಿ. ಯಾವ ಶಿಖರ ಯಾವ ದಿನ ಕೈಗೆ ಬಂತು ಅನ್ನುವುದು ಮಕ್ಕಳಿಗೂ ಗೊತ್ತು. ನಾನು ಕೇಳಬೇಕು ಅಂತಿರುವುದು ಬೇರೆ. ಯುದ್ಧದಲ್ಲಿದ್ದಾಗ ನಿಮ್ಮ ಮನೆಯವಳಿಗೆ ಏನಂತ ಕಾಗದ ಬರೆದಿರಿ?

ನನ್ನದು ಮೊದಲು ಹೇಳುತ್ತೇನೆ. ಆ ವರ್ಷ ಫೆಬ್ರವರಿಯಲ್ಲಿ ನನ್ನ ಮದುವೆ ಆಯಿತು. ವಾರ್ಷಿಕ ರಜೆ 60 ದಿನ. ಅದರಲ್ಲಿ ಮದುವೆಯ ಓಡಾಟ, ಹೋಗಿ ಬರುವ ರೈಲು ಎಲ್ಲಾ ಕಳೆದರೆ ಅವಳ ಜೊತೆ ಸಿಕ್ಕಿದ್ದು ಒಂದು ತಿಂಗಳ ಮೇಲೆ ಕೆಲವು ದಿನ. ನಮ್ಮದು ಹನ್ನೊಂದು ಜನರ ಮನೆ. ಹಗಲು ಇಬ್ಬರೇ ಮಾತಾಡಲು ಜಾಗವೇ ಇರಲಿಲ್ಲ. ಏಪ್ರಿಲ್ ಮೊದಲ ವಾರ ಹೊರಟೆ. ಮೇ ತಿಂಗಳಲ್ಲಿ ರಜೆ ರದ್ದಾದವು, ಯೂನಿಟ್ ಮೇಲಕ್ಕೆ ಹತ್ತಿತು.

ಇನ್ನು ಬರೆಯುವುದು ಹೇಗೆ ಹೇಳಿ. ಅಲ್ಲಿಂದ ಹೊರಡುವ ಕಾಗದ ಸಾಹೇಬರ ಕಣ್ಣಿಗೆ ಬೀಳಬಹುದು ಅನ್ನುವ ಅಂಜಿಕೆ. ಊರಲ್ಲಿ ಅದು ಅಪ್ಪನ ಹೆಸರಿಗೆ ಹೋಗುತ್ತಿತ್ತು. ಹೆಂಡತಿ ಹೆಸರಿಗೆ ಕಾಗದ ಹಾಕುವುದು ನಮ್ಮ ಮನೆಯಲ್ಲಿ ಆಗ ಚಂದ ಅಲ್ಲ. ಅಪ್ಪನಿಗೆ ಕಣ್ಣು ಮಂಜು. ನನ್ನ ತಮ್ಮ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಅವ್ವ, ಅತ್ತಿಗೆಯರು, ಪಕ್ಕದ ಮನೆಯವರು, ಎಲ್ಲರೂ ಸುತ್ತ ಕೂತು ಕೇಳುತ್ತಿದ್ದರು. ಇವಳು ಅಡುಗೆ ಮನೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಹಾಗಾಗಿ ನನ್ನ ಕಾಗದ ಒಂದೇ ಥರ ಇರುತ್ತಿತ್ತು. "ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಬೇಕು." ಆಮೇಲೆ ಮಳೆ, ಬಿತ್ತನೆ, ಎಮ್ಮೆ. ಕೊನೆಗೆ ಒಂದು ಸಾಲು: "ಹಿತ್ತಲ ನುಗ್ಗೆ ಗಿಡ ಹೇಗಿದೆ ಬರೆಯಿರಿ."

ಎಲ್ಲಾ ಕಾಗದದಲ್ಲೂ ಆ ಸಾಲು ಇದೆ. ನಾನು ಅವಳಿಗೆ ಬರೆದಿದ್ದು ಅಷ್ಟೇ.

ಬೆಳವಲದ ಹುಡುಗ

ಸರ್, ನುಗ್ಗೆ ಗಿಡ ಯಾಕೆ? ಅದನ್ನು ಹೇಳದೆ ನಿಲ್ಲಿಸಬೇಡಿ.

ಹಳೆಯ ಗನ್ನರ್, ಸವದತ್ತಿ ಕಡೆ

ಮದುವೆಯಾಗಿ ಮೂರನೆಯ ದಿನ ಬೆಳಿಗ್ಗೆ ಇನ್ನೂ ಕತ್ತಲಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿದೆ, ಅದರ ಮೇಲೆ ನುಗ್ಗೆ ಗಿಡ ಬಾಗಿತ್ತು. ಅವಳು ಕೊಡ ಹಿಡಿದು ಬಂದಳು. ನಾನು ಹಲ್ಲುಜ್ಜುತ್ತಿದ್ದೆ. ಅವಳ ತಲೆ ತುಂಬಾ ನುಗ್ಗೆ ಹೂ ಉದುರಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದೆ. ಅವಳು ನಕ್ಕು, "ಇರಲಿ ಬಿಡ್ರಿ" ಅಂದಳು. ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ಆಮೇಲೆ ದಿನಾ ಅದೇ ಹೊತ್ತಿಗೆ ನಾನು ಹಲ್ಲುಜ್ಜಲು ಅಲ್ಲಿಗೇ ಹೋಗುತ್ತಿದ್ದೆ.

ಗದಗದ ಮಗಳು

ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ನಾನು ಎಂದೂ ಯಾರಿಗೂ ಹೇಳದ ಒಂದು ಮಾತು ಇಲ್ಲಿ ಹೇಳುತ್ತೇನೆ.

ನಮ್ಮಪ್ಪ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿದ್ದರು. 1987ರ ಅಕ್ಟೋಬರ್‌ನಲ್ಲಿ ಜಾಫ್ನಾದಲ್ಲಿ ಜೋರು ಕದನ ನಡೆದಾಗ ಅಲ್ಲೇ ಇದ್ದರು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ನನಗೆ ಒಂಬತ್ತು ವರ್ಷ. ಅಪ್ಪನ ಕಾಗದ ಓದುವವಳೂ ನಾನೇ, ಅವ್ವ ಹೇಳಿದ್ದನ್ನು ಬರೆಯುವವಳೂ ನಾನೇ.

ಅವ್ವ ಒಲೆ ಮುಂದೆ ಕೂತು ಹೇಳುವಳು. ನಡುವೆ ಬಹಳ ಹೊತ್ತು ಸುಮ್ಮನಾಗುವಳು. ಒಂದು ಸಲ ಹೇಳಿದಳು, "ನೀವು ತಂದ ಎಣ್ಣಿ ಸೀಸೆ ಇನ್ನೂ ಮುಗಿದಿಲ್ಲ ಅಂತ ಬರಿ." ಎಣ್ಣೆ ಸೀಸೆಯ ಸುದ್ದಿ ಅಪ್ಪನಿಗೆ ಯಾಕೆ ಬೇಕು ಅಂತ ನನಗೆ ಅರ್ಥವಾಗಲಿಲ್ಲ. ಆದರೂ ಬರೆದೆ. ಇನ್ನೊಂದು ಸಲ ಕಾಗದದ ಕೊನೆಯಲ್ಲಿ, "ರಾತ್ರಿ ನಿದ್ದಿ ಹತ್ತಂಗಿಲ್ಲ ಅಂತ ಬರಿ" ಅಂದಳು. ಇನ್‌ಲ್ಯಾಂಡ್ ಕಾಗದದಲ್ಲಿ ಎರಡೇ ಬೆರಳು ಜಾಗ ಉಳಿದಿತ್ತು. ನನಗೆ ಕಂಪಾಸ್ ಬಾಕ್ಸ್ ಬೇಕಿತ್ತು. ಅವ್ವನಿಗೆ "ಹೂಂ ಬರೆದೆ" ಅಂದೆ. ಬರೆದಿದ್ದು ಕಂಪಾಸ್ ಬಾಕ್ಸ್.

ಅಪ್ಪ ಕ್ಷೇಮವಾಗಿ ಬಂದರು. ಕಂಪಾಸ್ ಬಾಕ್ಸೂ ತಂದರು. ಈಗ ಇಬ್ಬರೂ ಇಲ್ಲ. ಆ ಸಾಲು ಅಪ್ಪನಿಗೆ ಕೊನೆಯವರೆಗೂ ತಲುಪಲಿಲ್ಲ. ಎಣ್ಣೆ ಸೀಸೆಯ ಸಾಲು ತಲುಪಿದೆ ಅನ್ನುವುದೊಂದೇ ಸಮಾಧಾನ.

ಕರ್ತವ್ಯ ಮೊದಲು

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಒಂದು ಮಾತು. ನಾನೂ ಇಪ್ಪತ್ತೆರಡು ವರ್ಷ ಇನ್‌ಫೆಂಟ್ರಿಯಲ್ಲಿದ್ದವನು. ಗಡಿಯಲ್ಲಿದ್ದಾಗ ಮನೆ ಕಡೆ ಮನಸ್ಸು ಎಳೆದರೆ ಕೈ ತಡವಾಗುತ್ತದೆ. ತಡವಾದರೆ ಪಕ್ಕದವನ ಜೀವ ಹೋಗುತ್ತದೆ. ನಮ್ಮ ಉಸ್ತಾದರು ಹೇಳುತ್ತಿದ್ದರು, ಮನೆಯನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕು ಅಂತ. ನಾನು ಹಾಗೇ ಮಾಡಿದೆ. ಅದು ಕಲ್ಲು ಮನಸ್ಸು ಅಲ್ಲ. ಆ ಕೆಲಸವೇ ಹಾಗೆ. ಇದನ್ನೆಲ್ಲ ಈಗ ಜಾಸ್ತಿ ಹೇಳಿದರೆ ಸೇರಬೇಕು ಅಂತಿರುವ ಹುಡುಗರು ಹಿಂಜರಿಯುತ್ತಾರೆ.

ಹಳೆಯ ಗನ್ನರ್, ಸವದತ್ತಿ ಕಡೆ

ನೀವು ಹೇಳಿದ್ದು ನಿಜ. ನಾನು ಅದನ್ನು ತಳ್ಳಿ ಹಾಕುವುದಿಲ್ಲ. ಬೊಫೋರ್ಸ್ ತೋಪಿನ ಒಂದೊಂದು ಗುಂಡು 40 ಕಿಲೋಗೂ ಜಾಸ್ತಿ. ಆ ಎರಡು ತಿಂಗಳಲ್ಲಿ ನಮ್ಮ ಕಡೆಯಿಂದ ಹಾರಿದ ಗುಂಡು ಎರಡೂವರೆ ಲಕ್ಷ ದಾಟುತ್ತದೆ. ಹಗಲು ರಾತ್ರಿ ಎತ್ತಿ ಎತ್ತಿ ತುಂಬುವಾಗ ಯಾವ ನೆನಪೂ ಇರುವುದಿಲ್ಲ. ಕೈ, ಬೆನ್ನು, ಕಿವಿ, ಅಷ್ಟೇ ಇರುವುದು. ಆದರೆ ತೋಪು ನಿಂತ ಮೇಲೆ? ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ, ಯಾರ ಮಾತೂ ಕೇಳುವುದಿಲ್ಲ. ಆಗ ಕೇಳಿಸುವುದು ಮನೆ ಮಾತು ಮಾತ್ರ.

ಗುಂಡಿನ ಖಾಲಿ ಪೆಟ್ಟಿಗೆ ಮೇಲೆ ಇಟ್ಟು ಕಾಗದ ಬರೆಯುತ್ತಿದ್ದೆ. ಎತ್ತಿ ಎತ್ತಿ ಕೈ ನಡುಗುತ್ತಿತ್ತು. ಅಪ್ಪ ಉತ್ತರದಲ್ಲಿ ಬರೆಸಿದ್ದರು, "ಅಕ್ಷರ ಯಾಕೆ ಸೊಟ್ಟ ಆಗಿದೆ? ಜ್ವರ ಬಂದಿದೆಯೇ?"

ಆ ಯುದ್ಧದ ಒಂದು ಸಂಗತಿ ಆಗ ಪತ್ರಿಕೆಗಳಲ್ಲೂ ಬಂದಿತ್ತು. 18 ಗ್ರೆನೇಡಿಯರ್ಸ್‌ನ ಮೇಜರ್ ರಾಜೇಶ್ ಅಧಿಕಾರಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತೋಲೋಲಿಂಗ್ ಶಿಖರ ಹತ್ತುವ ಮೊದಲು ಹೆಂಡತಿಯ ಕಾಗದ ಕೈಗೆ ಬಂತು. ಕೆಲಸ ಮುಗಿಸಿ ಬಂದು ನೆಮ್ಮದಿಯಿಂದ ಓದುತ್ತೇನೆ ಅಂದು ಒಡೆಯದೆ ಇಟ್ಟುಕೊಂಡು ಹೋದರು. ಮೇ 30ರಂದು ಅವರು ಮಡಿದರು. ಮಹಾವೀರ ಚಕ್ರ ಬಂತು. ಕಾಗದ ಒಡೆಯದೇ ಉಳಿಯಿತು.

ಈ ಸುದ್ದಿ ಕೇಳಿದ ದಿನ ನಮ್ಮ ತೋಪಿನವರು ಯಾರೂ ಊಟ ಮಾಡಲಿಲ್ಲ. ಅವರು ನೀವು ಹೇಳಿದ ಹಾಗೆಯೇ ಮಾಡಿದರು, ಮನೆಯನ್ನು ಬದಿಗಿಟ್ಟರು. ಆದರೆ ಅದನ್ನು ಕೆಳಗೆ ಬಿಟ್ಟು ಹೋಗಲಿಲ್ಲ ನೋಡಿ, ಜೊತೆಯಲ್ಲೇ ಇಟ್ಟುಕೊಂಡರು. ಹುಡುಗರು ಹಿಂಜರಿಯುವುದಾದರೆ ಇದನ್ನು ತಿಳಿದು ಹಿಂಜರಿಯಲಿ, ತಿಳಿದೇ ಸೇರಲಿ. ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಕರ್ತವ್ಯ ಮೊದಲು

ಅದು ಗೊತ್ತಿರಲಿಲ್ಲ. ಓದಿ ಸುಮ್ಮನೆ ಕೂತಿದ್ದೆ. ಟ್ರಂಕಿಗೆ ಬೀಗ ಹಾಕಿದ್ದೆ ಅಂದೆನಲ್ಲ, ಅದರ ಕೀಲಿ ಕೊರಳಲ್ಲೇ ಇರುತ್ತಿತ್ತು ಅನ್ನುವುದನ್ನು ಹೇಳಿರಲಿಲ್ಲ.

ಇತಿಹಾಸದ ಮೇಷ್ಟ್ರು, ಮೈಸೂರು

ಬಹಳ ಒಳ್ಳೆಯ ಚರ್ಚೆ. ಗನ್ನರ್ ಅವರು ಹೇಳಿದ "ನಡುವೆ ಓದುವವರು" ಇದ್ದಾರಲ್ಲ, ಅದು ಹೊಸದಲ್ಲ. ನೂರು ವರ್ಷ ಹಿಂದಕ್ಕೆ ಹೋಗೋಣ.

ಮೊದಲ ಮಹಾಯುದ್ಧದಲ್ಲಿ 1914ರ ಶರತ್ಕಾಲದಲ್ಲಿ ಭಾರತದ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಪಂಜಾಬಿನವರು, ಗಢವಾಲಿನವರು, ಪಠಾಣರು, ಗೂರ್ಖಾಗಳು. ಹೆಚ್ಚಿನವರಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಲು ಬರುವ ಒಬ್ಬ ಜೊತೆಗಾರನ ಮುಂದೆ ಕೂತು ಹೇಳಬೇಕು. ಅದನ್ನು ಯೂನಿಟ್‌ನಲ್ಲಿ ನೋಡುತ್ತಾರೆ. ಆಮೇಲೆ ಭಾರತೀಯರ ಟಪಾಲಿಗೆ ಅಂತಲೇ ಇದ್ದ ಸೆನ್ಸಾರ್ ಕಚೇರಿಯಲ್ಲಿ ಒಡೆದು ಓದುತ್ತಾರೆ. ಊರಿಗೆ ಬಂದ ಮೇಲೆ ಓದು ಬಲ್ಲವರು ಓದಿ ಹೇಳಬೇಕು. ಗಂಡನ ಬಾಯಿಂದ ಹೆಂಡತಿಯ ಕಿವಿಗೆ ನಡುವೆ ನಾಲ್ಕು ಜನ.

ಹಾಗಾಗಿ ಅವರು ಸುತ್ತು ಮಾತು ಕಲಿತರು. ಒಂದು ಪ್ರಸಿದ್ಧವಾದದ್ದು ಮೆಣಸಿನ ಮಾತು. ಕರಿ ಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅನ್ನುವ ಥರ ಬರೆದರು. ಕರಿ ಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು. ಸೆನ್ಸಾರಿನವರಿಗೆ ಇದು ಬೇಗ ತಿಳಿಯಿತು. ಆದರೆ ಎಮ್ಮೆ ಹೇಗಿದೆ, ಬೆಳೆ ಹೇಗಿದೆ ಅಂತ ಕೇಳುವ ಸಾಲುಗಳ ಒಳಗೆ ಏನಿತ್ತು ಅಂತ ಯಾವ ಸೆನ್ಸಾರಿಗೆ ಗೊತ್ತಾಗಬೇಕು?

ನನಗೆ ಜಾಸ್ತಿ ನೋವು ಕೊಡುವುದು ಇದು. ಆ ಮೂಲ ಕಾಗದಗಳಲ್ಲಿ ಹೆಚ್ಚಿನವು ಈಗ ಸಿಗುವುದಿಲ್ಲ. ಉಳಿದಿರುವುದು ಸೆನ್ಸಾರಿನವರು ವರದಿಗಾಗಿ ಇಂಗ್ಲಿಷಿಗೆ ಮಾಡಿಕೊಂಡ ತುಣುಕುಗಳು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಸರ್ಕಾರಕ್ಕೆ ಮುಖ್ಯ ಅನ್ನಿಸಿದ ಸಾಲು ಉಳಿಯಿತು. ನುಗ್ಗೆ ಗಿಡದ ಸಾಲು ಬಂದಿದ್ದರೆ ಅದನ್ನು ಯಾರು ಬರೆದಿಟ್ಟುಕೊಳ್ಳುತ್ತಿದ್ದರು?

ನಮ್ಮವರ ಮಾತಿಗೆ ಬಂದರೆ, ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಅದೇ 1914ರಲ್ಲಿ ಈಜಿಪ್ಟಿನ ಕಡೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದಿತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ನಾಲ್ಕು ವರ್ಷಕ್ಕೂ ಮಿಗಿಲಾಗಿ ಮರಳುಗಾಡಿನಲ್ಲಿ ಕುದುರೆ ಜೊತೆ ಕಳೆದವರು. ಗೆದ್ದ ದಿನದ ಲೆಕ್ಕ ನಮ್ಮ ಹತ್ತಿರ ಗಂಟೆ ಗಂಟೆಗೂ ಇದೆ. ಆ ನಾಲ್ಕು ವರ್ಷ ಮನೆಗೆ ಏನು ಬರೆಸಿದರು ಅನ್ನುವುದನ್ನು ಯಾರಾದರೂ ಹಳೆಯ ಪೆಟ್ಟಿಗೆಗಳಲ್ಲಿ ಹುಡುಕಬೇಕು. ಈ ಗುಂಪಿನಲ್ಲಿ ಆ ಮನೆತನದವರು ಇದ್ದರೆ ದಯವಿಟ್ಟು ನೋಡಿ. ಒಂದೇ ಒಂದು ಕಾಗದ ಸಿಕ್ಕರೂ ಸಾಕು.

ಅಂಚೆ ಅಣ್ಣ, ಹಾವೇರಿ

ಮೇಷ್ಟ್ರು "ನಡುವೆ ನಾಲ್ಕು ಜನ" ಅಂದರಲ್ಲ, ಅದರಲ್ಲಿ ನಾನೂ ಒಬ್ಬ. ಅಂಚೆ ಇಲಾಖೆಯಲ್ಲಿದ್ದೆ. ನಡುವೆ ಕೆಲವು ವರ್ಷ ಡೆಪ್ಯುಟೇಶನ್ ಮೇಲೆ ಸೈನ್ಯದ ಅಂಚೆ ಸೇವೆಗೂ ಹೋಗಿ ಬಂದೆ. ಎರಡೂ ಕಡೆ ನೋಡಿದ್ದೇನೆ.

ಸೈನಿಕನ ವಿಳಾಸದಲ್ಲಿ ಊರು ಇರುವುದಿಲ್ಲ. ನಂಬರು, ರ‍್ಯಾಂಕು, ಹೆಸರು, ಯೂನಿಟ್, ಆಮೇಲೆ 56 ಎಪಿಒ, ಅಂದರೆ ಆರ್ಮಿ ಪೋಸ್ಟ್ ಆಫೀಸ್. ಅದು ಒಂದು ಜಾಗದ ಹೆಸರಲ್ಲ. ದಿಲ್ಲಿಗೆ ಹೋಗಿ ಅಲ್ಲಿಂದ ಯೂನಿಟ್ ಎಲ್ಲಿದೆಯೋ ಅಲ್ಲಿಗೆ ವಿಂಗಡಣೆ ಆಗುತ್ತದೆ. ಪೂರ್ವದ ಕಡೆಯವರಿಗೆ 99 ಎಪಿಒ, ಅದು ಕೋಲ್ಕತ್ತದಿಂದ. ಹೆಂಡತಿಗೆ ಗಂಡ ಯಾವ ಗುಡ್ಡದ ಮೇಲಿದ್ದಾನೆ ಗೊತ್ತಿಲ್ಲ. ಆದರೂ ಕಾಗದ ಹೋಗಿ ಅವನ ಕೈ ಸೇರುತ್ತದೆ. ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಿದ್ದರು, "ಅಣ್ಣಾ, ಈ 56 ಅನ್ನೋ ಊರು ಎಷ್ಟು ದೂರ ಐತಿ?"

ಊರಲ್ಲಿ ಕಾಗದ ಹಂಚುವಾಗ ಎಷ್ಟೋ ಮನೆಗಳಲ್ಲಿ ಓದಿ ಹೇಳುವುದೂ ನನ್ನದೇ ಕೆಲಸ. ಬರೀ ಓದುವುದಲ್ಲ ಅದು. ಅತ್ತೆ ಮಾವ ಕೂತಿರುತ್ತಾರೆ. ಓದುತ್ತಾ ಓದುತ್ತಾ ಕಣ್ಣು ಎರಡು ಸಾಲು ಮುಂದೆ ಇಡಬೇಕು. ಒಬ್ಬ ಹುಡುಗ ರಾಜಸ್ತಾನದ ಗಡಿಯಿಂದ ಬರೆದಿದ್ದ. ಕೊನೆಯ ಸಾಲು ಹೆಂಡತಿಗೆ ಅಂತಲೇ ಇತ್ತು. ಅದನ್ನು ಗಟ್ಟಿಯಾಗಿ ಓದಿದ್ದರೆ ಆ ಮಗು ನಾಚಿಕೆಗೆ ಸಾಯುತ್ತಿತ್ತು. "ಉಳಿದಿದ್ದು ಬರೀ ನಮಸ್ಕಾರ" ಅಂದು ಮಡಿಚಿದೆ. ಹೋಗುವಾಗ ನೀರು ಕೊಡಲು ಬಂದವಳ ಕೈಗೆ ಕಾಗದ ಇಟ್ಟು, "ಕೊನೆ ಸಾಲು ನೀನೇ ಓದಿಕೊಳ್ಳವ್ವ" ಅಂದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಎರಡು ತಿಂಗಳು ಬಿಟ್ಟು ನನ್ನನ್ನು ನಿಲ್ಲಿಸಿ ಹೇಳಿದಳು, "ಅಣ್ಣಾ, ಆ ಸಾಲು ಓದಿದೆ." ಪಕ್ಕದ ಮನೆ ಹುಡುಗಿಯ ಹತ್ತಿರ ಅಕ್ಷರ ಕಲಿತಿದ್ದಳು. ಆ ಒಂದು ಸಾಲಿಗಾಗಿ.

ಇನ್ನೊಂದು. ಸೈನ್ಯದ ಅಂಚೆಯವರ ತರಬೇತಿ ಕೇಂದ್ರ ಇರುವುದು ನಾಗಪುರದ ಹತ್ತಿರ ಕಾಮಠಿಯಲ್ಲಿ. ಒಂದು ಭಾನುವಾರ ರಾಮ್‌ಟೆಕ್ ಗುಡ್ಡಕ್ಕೆ ಹೋಗಿದ್ದೆವು. ಕಾಳಿದಾಸನ ಯಕ್ಷ ಹೆಂಡತಿಯಿಂದ ದೂರವಾಗಿ ವರ್ಷ ಕಳೆದ ರಾಮಗಿರಿ ಇದೇ ಅನ್ನುತ್ತಾರೆ. ಮೋಡದ ಕೈಯಲ್ಲಿ ಸುದ್ದಿ ಕಳಿಸಿದನಲ್ಲ, ಅವನು. ದೇಶದ ಸೈನಿಕರ ಕಾಗದ ಮುಟ್ಟಿಸುವವರು ಕೆಲಸ ಕಲಿಯುವುದು ಅದೇ ಗುಡ್ಡದ ಹತ್ತಿರ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಆ ದಿನದಿಂದ ಚೀಲ ಎತ್ತುವಾಗ ಅದರ ಭಾರ ನನಗೆ ಬೇರೆ ಆಯಿತು.

ಸೋಮವಾರಪೇಟೆ ಸೊಸೆ

ಅಂಚೆ ಅಣ್ಣ, ನಿಮ್ಮ ಮಾತಿಗೆ ನನ್ನದೊಂದು ಸೇರಿಸುತ್ತೇನೆ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹತ್ತಿದ ಕಾರ್ಯಾಚರಣೆಗೆ ಇಟ್ಟ ಹೆಸರೇ ಮೇಘದೂತ. ಹೆಂಡತಿಯನ್ನು ನೆನೆದವನ ಕಾವ್ಯದ ಹೆಸರು. ನನ್ನ ಗಂಡ ಅದೇ ಹಿಮದ ಮೇಲಿದ್ದರು. ಹೆಸರು ಇಟ್ಟವರಿಗೆ ಅದು ಹೊಳೆದಿತ್ತೋ ಇಲ್ಲವೋ, ನನಗೆ ಪ್ರತಿ ರಾತ್ರಿ ಹೊಳೆಯುತ್ತಿತ್ತು.

ಆದರೆ ಒಂದು ತಕರಾರಿದೆ. ಇಲ್ಲಿ ಎಲ್ಲರೂ ಸೈನಿಕನ ನೆನಪಿನ ಬಗ್ಗೆಯೇ ಬರೆಯುತ್ತಿದ್ದೀರಿ. ಕಾಯುವವಳ ಮಾತು ಬಾಗಿಲ ಹಿಂದೆಯೇ ನಿಂತಿದೆ. ಅದನ್ನೂ ಕೇಳಿ.

ನಮಗೆ ಕಾಗದ ಇರಲಿಲ್ಲ, ಸ್ಯಾಟಲೈಟ್ ಫೋನ್ ಇತ್ತು. ವಾರಕ್ಕೊಮ್ಮೆ, ಹವಾ ಚೆನ್ನಾಗಿದ್ದರೆ. ಕೆಲವೇ ನಿಮಿಷ, ಹಿಂದೆ ಸರದಿಯಲ್ಲಿ ಬೇರೆಯವರು ನಿಂತಿರುತ್ತಾರೆ. ಆ ಫೋನಿನಲ್ಲಿ ಮಾತು ಒಂದು ಕ್ಷಣ ತಡವಾಗಿ ಬರುತ್ತದೆ. ನಾನು "ಹೇಗಿದ್ದೀರಿ" ಅನ್ನುವಾಗ ಅವರೂ "ಹೇಗಿದ್ದೀಯಾ" ಅಂದಿರುತ್ತಾರೆ. ಇಬ್ಬರೂ ನಿಲ್ಲಿಸುತ್ತೇವೆ. ಇಬ್ಬರೂ ಮತ್ತೆ ಒಟ್ಟಿಗೇ ಶುರು ಮಾಡುತ್ತೇವೆ. ಅರ್ಧ ನಿಮಿಷ ಹೀಗೇ ಹೋಗುತ್ತದೆ.

ಅದಕ್ಕೆ ನಾನು ಕ್ಯಾಲೆಂಡರ್ ಹಿಂದೆ ಪಟ್ಟಿ ಮಾಡಿಡುತ್ತಿದ್ದೆ. ಮಗಳ ಫೀಸು. ಕಾಫಿ ಕೊಯ್ಲಿಗೆ ಆಳು ಸಿಗುತ್ತಿಲ್ಲ. ಮಾವನ ಕಾಲು ನೋವು. ಗ್ಯಾಸ್ ಪುಸ್ತಕ ಎಲ್ಲಿಟ್ಟಿದ್ದೀರಿ. ಕೊನೆಯಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಅದು ಏನು ಅಂತ ಬರೆಯುತ್ತಿರಲಿಲ್ಲ, ನನಗೆ ಗೊತ್ತಿತ್ತಲ್ವಾ. ಫೋನ್ ಬಂದಾಗ ಪಟ್ಟಿಯಲ್ಲಿ ಒಂದೊಂದಾಗಿ ಹೇಳುತ್ತಾ ಹೋಗುತ್ತಿದ್ದೆ. ಚುಕ್ಕಿಗೆ ಬರುವ ಹೊತ್ತಿಗೆ ಲೈನ್ ಕಟ್ ಆಗುತ್ತಿತ್ತು. ಆ ಚಳಿಗಾಲದ ಕ್ಯಾಲೆಂಡರ್ ಹಿಂದೆ ಹದಿನಾಲ್ಕು ಚುಕ್ಕಿ ಇವೆ. ಎತ್ತಿಟ್ಟಿದ್ದೇನೆ.

2016ರ ಫೆಬ್ರವರಿ 3ರಂದು ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿಯಿತು. 19 ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಅದರ ಅಡಿ ಸಿಕ್ಕರು. ಆರು ದಿನದ ಮೇಲೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನವರು. ರಾಜ್ಯವೇ ಟಿವಿ ಮುಂದೆ ಕೂತು ಬೇಡಿಕೊಂಡಿತು. 11ರಂದು ಹೋಗಿಬಿಟ್ಟರು. ನನ್ನ ಗಂಡ ಆಗ ಇನ್ನೊಂದು ಪೋಸ್ಟ್‌ನಲ್ಲಿದ್ದರು. ಮೊದಲ ಮೂರು ದಿನ ನನಗೆ ಯಾವ ಫೋನೂ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ನನ್ನ ಕೈಯಲ್ಲಿ ಪಟ್ಟಿ ಇತ್ತು, ಒಂದನ್ನೂ ಓದಲಾಗಲಿಲ್ಲ. ಅವರೂ ಮಾತಾಡಲಿಲ್ಲ. ಇಬ್ಬರೂ ಉಸಿರಾಡುವುದು ಕೇಳುತ್ತಾ ನಿಂತೆವು. ಹಿಂದಿನಿಂದ ಯಾರೋ "ಟೈಮ್ ಆಯಿತು" ಅಂದರು. ಆ ಒಂದು ದಿನ ಮಾತ್ರ ಚುಕ್ಕಿ ಬಾಕಿ ಉಳಿಯಲಿಲ್ಲ.

ಗದಗದ ಮಗಳು

ಅಕ್ಕಾ, ನಿಮ್ಮ ಕ್ಯಾಲೆಂಡರನ್ನು ದಯವಿಟ್ಟು ಮಗಳಿಗೆ ತೋರಿಸಿ. ಏನು ಅಂತ ಹೇಳಿಯೇ ತೋರಿಸಿ. ನಮಗೆ ಯಾರೂ ಹೇಳಲಿಲ್ಲ.

ಹೊಸ ಫೌಜಿ

ನಾನು ಈಗಲೂ ಸರ್ವಿಸ್‌ನಲ್ಲಿದ್ದೇನೆ, ಎಲ್ಲಿ ಅಂತ ಹೇಳುವ ಹಾಗಿಲ್ಲ. ಈಗ ವಿಡಿಯೊ ಕಾಲ್ ಇದೆ, ನಿಮಗೇನು ಕಷ್ಟ ಅನ್ನುತ್ತಾರೆ ಎಲ್ಲರೂ. ಮುಖ ಕಾಣುತ್ತದೆ, ಅದು ದೊಡ್ಡದೇ. ಆದರೆ ಬ್ಯಾರಕ್‌ನಲ್ಲಿ ನನ್ನ ಸುತ್ತ ಹದಿನೈದು ಹುಡುಗರಿರುತ್ತಾರೆ. ಅವಳ ಪಕ್ಕ ಅಮ್ಮ ಕೂತಿರುತ್ತಾರೆ. ಹಾಗಾಗಿ ನಾನೂ ಕೇಳುವುದು, "ದನದ ಕೊಟ್ಟಿಗೆ ತೋರಿಸು" ಅಂತ. ಅವಳು ಫೋನ್ ಹಿಡಿದು ಎದ್ದು ಕೊಟ್ಟಿಗೆಗೆ ಹೋಗುತ್ತಾಳೆ. ಅಲ್ಲಿ ಯಾರೂ ಇರುವುದಿಲ್ಲ. ಗನ್ನರ್ ಸರ್ ಬರೆದಿದ್ದು ಓದಿದ ಮೇಲೇ ನನಗೆ ತಿಳಿದದ್ದು, ನನ್ನ ಕೊಟ್ಟಿಗೆ ಅವರ ನುಗ್ಗೆ ಗಿಡವೇ.

2025ರ ಮೇ 7ಕ್ಕೆ ಆಪರೇಶನ್ ಸಿಂಧೂರ ಶುರುವಾದಾಗ ನಮ್ಮ ಫೋನುಗಳು ಬಂದ್. 10ರಂದು ಕದನ ನಿಂತರೂ ಇನ್ನೂ ಕೆಲವು ದಿನ ಹಾಗೇ ಇದ್ದೆವು. ಅವಳು ಕಳಿಸಿದ ಮೆಸೇಜುಗಳ ಮುಂದೆ ಒಂದೇ ಟಿಕ್. ಫೋನ್ ಆನ್ ಮಾಡಿದಾಗ ನಲವತ್ತೊಂದು ಮೆಸೇಜು ಒಂದರ ಹಿಂದೆ ಒಂದು ಬಂದವು. ಮೊದಲನೆಯದರಲ್ಲಿ "ಊಟ ಆಯ್ತಾ". ನಡುವೆ ಹಸು ಕರು ಹಾಕಿದ್ದು. ಕೊನೆಕೊನೆಗೆ ಬರೀ ನನ್ನ ಹೆಸರು. ನಾನು ಉತ್ತರ ಕೊಡದೆ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದೆ. ಅವಳಿಗೆ ಆ ಕಡೆ ನೀಲಿ ಟಿಕ್ ಒಂದೊಂದಾಗಿ ಮೂಡುವುದು ಕಾಣುತ್ತಿತ್ತಂತೆ. ಅದನ್ನೇ ನೋಡುತ್ತಾ ಕೂತಿದ್ದಳಂತೆ.

ಹಳೆಯ ಗನ್ನರ್, ಸವದತ್ತಿ ಕಡೆ

ಎರಡು ದಿನ ಬರೆಯಲಾಗಲಿಲ್ಲ. ಸೋಮವಾರಪೇಟೆ ತಂಗಿ ಹೇಳಿದ ಮಾತು ಮನಸ್ಸಿಗೆ ನಾಟಿತು. ನಿನ್ನೆ ರಾತ್ರಿ ಊಟ ಆದ ಮೇಲೆ ಈ ಚರ್ಚೆ ಪೂರ್ತಿ ಮನೆಯವಳಿಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಬರೆಯುತ್ತೇನೆ. ನನಗೂ ಗೊತ್ತಿಲ್ಲದ್ದು ಬಹಳ ಇತ್ತು.

ಆ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು. ಹೊಸ ಅಳಿಯನನ್ನು ಕರೆದು 33 ಅನಾರಸ ಅನ್ನುವ ಸಿಹಿ ಕೊಡುವ ಪದ್ಧತಿ ಅವರ ತವರಿನಲ್ಲಿದೆ. ಅಳಿಯ ದ್ರಾಸ್‌ನಲ್ಲಿ. ಅತ್ತೆ ಅನಾರಸ ಮಾಡಿ ತಂದು, ನನ್ನ ಫೋಟೋ ಮುಂದೆ ಇಡೋಣ ಅಂದರಂತೆ. ನಮ್ಮವ್ವ ಎಂದೂ ದನಿ ಎತ್ತದವಳು, ಅವತ್ತು ಕೂಗಿದಳಂತೆ, "ಫೋಟೋ ಮುಂದ ಏನೂ ಇಡಬ್ಯಾಡ್ರಿ!" ಯಾಕೆ ಅಂತ ಎಲ್ಲರಿಗೂ ಗೊತ್ತಾಯಿತು. ತಟ್ಟೆ ತಂದು ಇವಳ ಕೈಯಲ್ಲೇ ಕೊಟ್ಟರು. ಅಧಿಕ ಮಾಸ ಮುಗಿದ ದಿನವೇ, ಜೂನ್ 13ಕ್ಕೆ, ತೋಲೋಲಿಂಗ್ ನಮ್ಮ ಕೈಗೆ ಬಂತು. ಇವರು ಅದನ್ನು ಟಿವಿಯಲ್ಲಿ ನೋಡಿದರು. ಆದರೆ ನಾನಿದ್ದೇನೋ ಇಲ್ಲವೋ ಅನ್ನುವುದು ಟಿವಿಯಲ್ಲಿ ಬರುವುದಿಲ್ಲ.

ಅಪ್ಪನ ಒಂದು ಕಾಗದ ಜೂನ್ ಕೊನೆಗೆ ನನ್ನ ಕೈ ಸೇರಿತ್ತು. ಅದರಲ್ಲಿ, "ಸೊಸೆಗೆ ಊಟ ಸೇರುತ್ತಿಲ್ಲ. ದೇವರು ದೊಡ್ಡವನು" ಅಂತ ಇತ್ತು. ಅವಳಿಗೆ ಏನೋ ಕಾಯಿಲೆ ಅಂತ ಎರಡು ರಾತ್ರಿ ಒದ್ದಾಡಿದೆ. ಅವತ್ತೇ ಕಾರ ಹುಣ್ಣಿಮೆ. ದ್ರಾಸ್‌ನಲ್ಲಿ ಬೆಳದಿಂಗಳು ಹಗಲಿನ ಹಾಗೆ, ನಮ್ಮ ಹುಡುಗರು ಮರೆಯಿಲ್ಲದ ಗುಡ್ಡ ಹತ್ತುತ್ತಿದ್ದಾರೆ, ನಾವು ಗುಂಡು ಹಾರಿಸುತ್ತಿದ್ದೇವೆ, ನನ್ನ ತಲೆಯಲ್ಲಿ ಆ ಒಂದು ಸಾಲು. ಬೆಳಿಗ್ಗೆ ನಮ್ಮ ಹವಾಲ್ದಾರರು ಮುಖ ನೋಡಿ ವಿಷಯ ಕೇಳಿದರು. ಕೇಳಿ ನನ್ನನ್ನು ಅಪ್ಪಿಕೊಂಡರು. "ಹುಚ್ಚಾ, ನೀನು ತಂದೆ ಆಗುತ್ತಿದ್ದೀಯಾ" ಅಂದರು. ಕಿವಿ ಮಂದವಾಗಿತ್ತು, ಎರಡು ಸಲ ಹೇಳಿಸಿಕೊಂಡೆ.

ಇನ್ನು ನುಗ್ಗೆ ಗಿಡ. ಊರಿಂದ ಬಂದ ಪ್ರತಿ ಕಾಗದದಲ್ಲೂ "ನುಗ್ಗೆ ಗಿಡ ಚೆನ್ನಾಗಿದೆ" ಅಂತ ಇರುತ್ತಿತ್ತು. ದಸರೆಗೆ ರಜೆ ಸಿಕ್ಕಿತು. ಬಂದವನೇ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಪಕ್ಕ ಮೊಳಕಾಲುದ್ದ ಮೋಟು ನಿಂತಿತ್ತು. ಮೃಗಶಿರಾ ಮಳೆಯ ಗಾಳಿಗೆ ಬುಡದ ಹತ್ತಿರ ಮುರಿದು ಬಿದ್ದಿತ್ತು. ಅಂದರೆ ಅಷ್ಟೂ ತಿಂಗಳು ನನಗೆ ಸುಳ್ಳು ಬರೆದಿದ್ದರು. ಇವಳೇ ಹಾಗೆ ಬರೆಸಿದ್ದಾಳೆ ಅಂತ ನಾನು ಇಲ್ಲಿಯವರೆಗೆ ತಿಳಿದುಕೊಂಡಿದ್ದೆ. ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ.

ನಿನ್ನೆ ಹೇಳಿದಳು. ಬರೆಸಿದ್ದು ಅವಳಲ್ಲ. ಗಿಡ ಬಿದ್ದ ವಾರ ನನ್ನ ತಮ್ಮ ಕಾಗದ ಬರೆಯಲು ಕೂತು, ಗಿಡ ಬಿದ್ದದ್ದನ್ನು ಬರೆಯಲು ಹೋದನಂತೆ. ಅಪ್ಪ ಪೆನ್ನು ಹಿಡಿದು ನಿಲ್ಲಿಸಿದರಂತೆ. "ಅದನ್ನ ಬರೀಬ್ಯಾಡ. ಚಲೋ ಐತಿ ಅಂತ ಬರಿ. ಅವ ಗಿಡದ ಸುದ್ದಿ ಕೇಳಾಕತ್ತಿಲ್ಲ."

ಬಾಗಿಲ ಹಿಂದೆ ನಿಂತು ಇವಳು ಅದನ್ನು ಕೇಳಿಸಿಕೊಂಡಳಂತೆ. ಮರುದಿನ ಬೆಳಿಗ್ಗೆ ನೀರಿಗೆ ಹೋದಾಗ ಅಪ್ಪ ಮುರಿದ ಕೊಂಬೆಯೊಂದನ್ನು ಬಾವಿ ಹತ್ತಿರ ನೆಡುತ್ತಿದ್ದರು. ಇವಳನ್ನು ನೋಡಿ ಏನೂ ಮಾತಾಡಲಿಲ್ಲ. ಕೊಡದಿಂದ ಸ್ವಲ್ಪ ನೀರು ಹಾಕು ಅಂತ ಕೈ ತೋರಿಸಿದರಂತೆ.